ಎರೆ ಹೊಲದ ಬದುವಿನಲ್ಲಿ ಜೇನುಪೆಟ್ಟಿಗೆ

ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿ ಭತ್ತದ ಕಣಜ. ಕುಷ್ಟಗಿ, ಯಲಬುರ್ಗಾ ಮಳೆ ನೆಚ್ಚಿದ ಬರದ ಸೀಮೆ. ಜೇನುನೊಣದ ಲೆಕ್ಕ ಮಾತ್ರ ಇದಕ್ಕೆ ಪೂರ್ತಿ ತಿರುವುಮುರುವು. ಭತ್ತದ ಹೂವಿನಲ್ಲಿ ಮಕರಂದವೇ ಇಲ್ಲ, ಕಾಳು ಕಟ್ಟಲು ಅದಕ್ಕೆ ನೊಣದ ಹಂಗೂ ಇಲ್ಲ. ಸಾಲದ್ದಕ್ಕೆ ಔಷಧ ಸಿಂಪಡಣೆ ಬೇರೆ. ಕಾಲುವೆ ನೀರು ಕಾಣದ ಎರೆ, ಮಸಾರಿ ಹೊಲಗಳಲ್ಲಾದರೆ ಸೂರ್ಯಕಾಂತಿ, ತೊಗರಿ, ಎಳ್ಳು, ಗುರೆಳ್ಳು ಒಂದಾದ ಮೇಲೊಂದು ಹೂ ಬಿಡುತ್ತವೆ. ಬೇಸಿಗೆ ಹೊತ್ತಿಗೆ ಬೇವು, ಹೊಂಗೆ, ಹುಣಸೆಯ ಸರದಿ. ರೈತರು ಶಾಪ ಹಾಕುವ ಬಳ್ಳಾರಿ ಜಾಲಿಯೂ ನೊಣಕ್ಕೆ ಒಳ್ಳೆಯ ಊಟವೇ. ಆ ಮುಳ್ಳುಗಿಡದ ಪರ ವಕಾಲತ್ತು ವಹಿಸುವವರು ಯಾರಾದರೂ ಇದ್ದರೆ ಅವರು ಜೇನು ಸಾಕುವವರು.

ಎಲ್ಲ ಜೇನೂ ಪೆಟ್ಟಿಗೆಗೆ ಒಗ್ಗುವುದಿಲ್ಲ. ಬಂಡೆಗೆ, ಎತ್ತರದ ಮರಕ್ಕೆ, ನೀರಿನ ಟ್ಯಾಂಕಿಗೆ ಜೋತುಬೀಳುವ ಹೆಜ್ಜೇನು ಬಯಲಿನ ಜೀವ. ಬೇಲಿಯ ಕಡ್ಡಿಗೆ ಅಂಗೈಯಗಲದ ಹುಟ್ಟು ಕಟ್ಟುವ ಕೋಲುಜೇನೂ ಹಾಗೆಯೇ. ಸಾಕಲು ಬರುವುದು ಮುಖ್ಯವಾಗಿ ಎರಡು: ನಮ್ಮದೇ ತುಡುವೆ, ಮತ್ತೆ 1962ರಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆಗೊಂಡು ದೇಶವೆಲ್ಲ ಹಬ್ಬಿದ ಮೆಲ್ಲಿಫೆರಾ. ಮೆಲ್ಲಿಫೆರಾ ಹೆಚ್ಚು ತುಪ್ಪ ಕೊಡುತ್ತದೆ, ಆದರೆ ಹೂವಿದ್ದಲ್ಲಿಗೆ ಪೆಟ್ಟಿಗೆ ಹೊತ್ತು ತಿರುಗಬೇಕು. ಹೊಲ ಬಿಟ್ಟು ಹೋಗಲಾರದವರಿಗೆ ತುಡುವೆಯೇ ವಾಸಿ.

ಶುರು ಮಾಡುವುದಿದ್ದರೆ ದೀಪಾವಳಿಯ ಆಸುಪಾಸಿನಲ್ಲಿ ಮಾಡಿ. ಮುಂದೆ ನಾಲ್ಕೈದು ತಿಂಗಳು ಹೂವಿಗೆ ಬರವಿರುವುದಿಲ್ಲ. ಒಂದೇ ಪೆಟ್ಟಿಗೆ ತರಬೇಡಿ, ಎರಡು ತನ್ನಿ. ಒಂದು ಸೊರಗಿದರೆ ಇನ್ನೊಂದರಿಂದ ಮರಿಯಿರುವ ಚೌಕಟ್ಟು ಎತ್ತಿ ಕೊಡಬಹುದು. ಬೇವಿನ ನೆರಳಲ್ಲಿ ಸ್ಟ್ಯಾಂಡ್ ಮೇಲೆ ಪೆಟ್ಟಿಗೆ ಇಟ್ಟು, ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿ. ಇರುವೆ ಹತ್ತಿದರೆ ತುಡುವೆ ಹೇಳದೆ ಕೇಳದೆ ಗಂಟುಮೂಟೆ ಕಟ್ಟುತ್ತದೆ.

ವಾರಕ್ಕೊಮ್ಮೆ ಬೆಳಿಗ್ಗೆ ತುಸು ಹೊಗೆ ಕೊಟ್ಟು ಮುಚ್ಚಳ ತೆಗೆಯಿರಿ. ಒಂದು ಚೌಕಟ್ಟು ಎತ್ತಿ, ಬಿಸಿಲು ಬೆನ್ನ ಹಿಂದಿರುವಂತೆ ನಿಂತು ಎರಿಯ ಕಣ್ಣುಗಳ ತಳ ನೋಡಿ. ಒಂದೊಂದು ಕಣ್ಣಿನಲ್ಲೂ ರವೆಯಷ್ಟು ಸಣ್ಣ ಬಿಳಿ ಮೊಟ್ಟೆ ನೆಟ್ಟಗೆ ನಿಂತಿದ್ದರೆ ರಾಣಿಯನ್ನು ಹುಡುಕುವುದೇ ಬೇಡ; ಮೂರು ದಿನದ ಹಿಂದಿನವರೆಗಾದರೂ ಆಕೆ ಅಲ್ಲಿದ್ದಳು. ಮರಿಯ ಮುಚ್ಚಳ ಒಂದೇ ಸಮ, ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಸಂಸಾರ ಚೆನ್ನಾಗಿದೆ. ಅಲ್ಲಲ್ಲಿ ತೂತು ಬಿದ್ದು, ಮರಿ ನೀರು ತುಂಬಿದ ಚೀಲದಂತೆ ಮೇಲ್ಮುಖವಾಗಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಇರಬಹುದು. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಸಂಸಾರಗಳನ್ನು ಬಹುಪಾಲು ಬರಿದು ಮಾಡಿದ ವೈರಾಣು ಇದು. ಇದಕ್ಕೆ ಮದ್ದಿಲ್ಲ. ಆ ಪೆಟ್ಟಿಗೆಯ ಚೌಕಟ್ಟನ್ನು ಇನ್ನೊಂದಕ್ಕೆ ಹಾಕಲೇಬಾರದು.

ಆದರೆ ಹೊಸಬರ ಕೈಲಿ ಹೆಚ್ಚು ಪೆಟ್ಟಿಗೆ ಹಾಳಾಗುವುದು ಅಂಥ ದೊಡ್ಡ ರೋಗದಿಂದಲ್ಲ, ಮೇಣದ ಹುಳುವಿನಿಂದ. ನೊಣ ಕಡಿಮೆಯಾಗಿ ಖಾಲಿ ಎರಿ ಉಳಿದಲ್ಲಿ ಪತಂಗ ಮೊಟ್ಟೆಯಿಡುತ್ತದೆ, ಹುಳು ಜೇಡರ ಬಲೆಯಂಥ ನೂಲು ನೇಯುತ್ತ ಮೇಣ ತಿನ್ನುತ್ತದೆ. ಅಡಿಮಣೆಯ ಕಸ ಗುಡಿಸಿ, ನೊಣ ಕೂರದ ಎರಿ ತೆಗೆದುಬಿಟ್ಟರೆ ಅರ್ಧ ಕೆಲಸ ಆದಂತೆ. ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ದಿನಗಳಲ್ಲಿ ಮೇಲೊಂದು ಹಸಿ ಗೋಣಿಚೀಲ, ಹತ್ತಿರದಲ್ಲೇ ಕಲ್ಲು ಹಾಕಿದ ನೀರಿನ ಬಟ್ಟಲು ಬೇಕು. ಹೂವಿಲ್ಲದ ಕಾಲಕ್ಕೆ ಸಕ್ಕರೆ ಪಾಕ. ತುಪ್ಪವನ್ನೆಲ್ಲ ಬಳಿದುಕೊಂಡು ಆಮೇಲೆ ಪಾಕ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ; ಅವುಗಳ ಪಾಲು ಬಿಟ್ಟೇ ತೆಗೆಯಬೇಕು.

ಸೂರ್ಯಕಾಂತಿಯ ತುಪ್ಪ ಕೆಲವೇ ವಾರಗಳಲ್ಲಿ ಹರಳುಗಟ್ಟುತ್ತದೆ. ಸಕ್ಕರೆ ಬೆರೆಸಿದ್ದಾರೆಂದು ಗಿರಾಕಿ ಜಗಳಕ್ಕೆ ಬರುತ್ತಾನೆ. ಅದು ಗ್ಲೂಕೋಸ್ ಹೆಚ್ಚಿರುವ ತುಪ್ಪದ ಗುಣ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ.

ತರಬೇತಿ, ಸಹಾಯಧನದ ವಿಚಾರಕ್ಕೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನೋ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ. ಪೆಟ್ಟಿಗೆ ಇಡದವರಲ್ಲೂ ಒಂದು ಮಾತು: ದಾಳಿಂಬೆಗೋ ಸೂರ್ಯಕಾಂತಿಗೋ ಔಷಧ ಹೊಡೆಯುವುದಿದ್ದರೆ ಹೊತ್ತು ಮುಳುಗಿದ ಮೇಲೆ ಹೊಡೆಯಿರಿ. ಬದುವಿನಾಚೆ ಜೇನು ಸಾಕಿದವರಿದ್ದರೆ ಹಿಂದಿನ ದಿನವೇ ಒಂದು ಫೋನ್ ಮಾಡಿ.