ತೊಟ್ಟು ಉರಿದರ ಹಾಲು ಬಿಡಿಸಬ್ಯಾಡ ತಂಗಿ

ಸೊಲ್ಲಾಪುರ ರಸ್ತೆಯ ಬಿ.ಎಲ್.ಡಿ.ಇ. ದವಾಖಾನ್ಯಾಗ ಹೆರಿಗೆ ಆಗಿ ತಿಕೋಟಾದ ತವರಿಗೆ ಬಂದೀಯೇನವ್ವಾ? ಮೊದಲ ವಾರ ತೊಟ್ಟು ಸ್ವಲ್ಪ ನೋಯತಾವ. ಆದರ ಬಿರುಕು, ರಕ್ತ ಬಂದರ ಸುಮ್ಮನ ತಡಕೋಬ್ಯಾಡ. ಹಂಗಾದಾಗ ಬಹಳ ಸಲ ಕೂಸು ತೊಟ್ಟಷ್ಟೇ ಚೀಪತಿರತೈತಿ.

ಕೂಸಿನ ಹೊಟ್ಟಿ ನಿನ್ನ ಮೈಗೆ ಹತ್ತಿರಲಿ. ತೊಟ್ಟು ಅದರ ಮೂಗಿನ ನೇರಕ್ಕ ಹಿಡಿ, ಬಾಯಿ ದೊಡ್ಡದಾಗಿ ತೆರೆಯೋತನಕ ಕಾಯಿ. ಗದ್ದ ಮೊಲಿಗೆ ಒತ್ತಬೇಕು, ಕೆಳತುಟಿ ಹೊರಗ ಮಡಚಬೇಕು, ಸುತ್ತಲಿನ ಕಪ್ಪು ಭಾಗನೂ ಬಾಯೊಳಗ ಹೋಗಬೇಕು. ನೋವಾದರ ಎಳೀಬ್ಯಾಡ, ಬಾಯಿ ಮೂಲ್ಯಾಗ ಕಿರುಬೆರಳು ಹಾಕಿ ಬಿಡಿಸಿ, ಮತ್ತ ಹಚ್ಚು.

ಕುಡಿಸಿದ ಮ್ಯಾಲ ನಿನ್ನದ ಹಾಲು ಎರಡು ಹನಿ ಸವರಿ ಗಾಳಿಗೆ ಆರಿಸು. ಸೋಪು ಬ್ಯಾಡ.

3, 7, 14ನೇ ದಿನ ಆಶಾ ಅಕ್ಕ ಮನಿಗೆ ಬರತಾರ. ನಾಚದ ಅವರ ಮುಂದನ ಕುಡಿಸಿ ತೋರಿಸು. ಮೊಲಿ ಕೆಂಪಾಗಿ, ಗಟ್ಟಿಯಾಗಿ ಜ್ವರ ಬಂದರ ಅವತ್ತ ದವಾಖಾನಿಗೆ ಹೋಗು; ಹಾಲು ಕುಡಿಸೋದು ಮಾತ್ರ ನಿಲ್ಲಿಸಬ್ಯಾಡ.