ವಾಲಿಯ ವಾದ, ಕಪ್ಪೆಯ ಕಾಲು

ಹಂಪಿಯ ವಿರೂಪಾಕ್ಷ ದೇವಾಲಯದ ಬಳಿ ಹೊಳೆಯನ್ನು ದಾಟಿದರೆ ಸಿಕ್ಕುವುದು ವಿರೂಪಾಪುರಗಡ್ಡೆ. ತುಂಗಭದ್ರೆ ಎರಡು ಕವಲಾಗಿ ಬಳಸಿ ಹರಿಯುವ ಈ ನಡುಗಡ್ಡೆ ಗಂಗಾವತಿಯ ಸೀಮೆಗೆ ಸೇರಿದ್ದು. ಸುತ್ತಲೂ ಬಂಡೆಗಳನ್ನು ಒಟ್ಟಿದಂತಿರುವ ಬೆಟ್ಟಗಳು, ನಡುವೆ ಹಸಿರು ಹಾಸಿದಂತಿರುವ ಬತ್ತದ ಗದ್ದೆಗಳು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಇಲ್ಲಿ ತಂಗಿದವರಿಗೆ ನಿದ್ದೆ ಬರುವುದು ಕಷ್ಟ. ಗದ್ದೆಗದ್ದೆಯಿಂದಲೂ ಕಪ್ಪೆಗಳ ಮೇಳ ಎದ್ದು, ಬೆಳಗಿನ ಜಾವದವರೆಗೂ ಬಿಡುವಿಲ್ಲದೆ ನಡೆಯುತ್ತದೆ.

ಈ ಮೇಳದ ಮುಂದಾಳು ಅಂಗೈಯಷ್ಟು ದೊಡ್ಡದಾದ ಒಂದು ಕಪ್ಪೆ. ಮಳೆಗಾಲದಲ್ಲಿ ಗಂಡಿನ ಮೈ ಅರಿಸಿನ ಬಳಿದಂತೆ ಹಳದಿಯಾಗುತ್ತದೆ. ಕೂಗುವಾಗ ಗಂಟಲಿನ ಎರಡು ಪಕ್ಕಗಳಲ್ಲಿ ನೀಲಿಯ ಚೀಲಗಳು ಉಬ್ಬುತ್ತವೆ. ಇದರ ಹಿಂಗಾಲಿನ ಮಾಂಸ ಬಲು ರುಚಿಯೆಂದು ಯಾರಾದರೂ ಊಟದ ಹೊತ್ತಿನಲ್ಲಿ ಹೇಳಿದರೆ, ಮಾಂಸಾಹಾರಿಗಳು ಕೂಡ ತಟ್ಟೆಯನ್ನು ದೂರ ಸರಿಸಿಯಾರು. ಆದರೆ ತಿನ್ನತಕ್ಕದ್ದು ಯಾವುದು, ತಿನ್ನಬಾರದ್ದು ಯಾವುದು ಎಂಬ ಚರ್ಚೆ ಈ ಹೊಳೆಯ ದಡಕ್ಕೆ ಹೊಸದೇನೂ ಅಲ್ಲ.

ಕಿಷ್ಕಿಂಧೆಯ ಪ್ರಶ್ನೆ

ಗಡ್ಡೆಗೆ ಸಮೀಪದ ಆನೆಗೊಂದಿಯ ಸುತ್ತಿನ ನಾಡೇ ರಾಮಾಯಣದ ಕಿಷ್ಕಿಂಧೆಯೆಂದು ಜನರು ನಂಬಿಕೊಂಡು ಬಂದಿದ್ದಾರೆ. ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಬಾಣ ನಾಟಿ ಬಿದ್ದ ವಾಲಿ ಪ್ರಶ್ನಿಸುವ ಸನ್ನಿವೇಶ ಎಲ್ಲರಿಗೂ ತಿಳಿದದ್ದೇ. ಆ ವಾದದ ನಡುವೆ ಅಡಿಗೆಮನೆಯ ಮಾತೊಂದು ಬರುವುದು ಮಾತ್ರ ಅನೇಕರ ಗಮನಕ್ಕೆ ಬಂದಿರಲಾರದು. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ವಾಲಿ ಕೇಳುತ್ತಾನೆ: ನನ್ನ ಚರ್ಮವನ್ನು ಸಜ್ಜನರು ಧರಿಸುವುದಿಲ್ಲ, ನನ್ನ ಮಾಂಸವನ್ನು ನಿನ್ನಂಥವರು ಉಣ್ಣುವುದಿಲ್ಲ; ಹಾಗಿರುವಾಗ ಕೊಂದದ್ದು ಏತಕ್ಕೆ? ಐದು ಉಗುರುಗಳುಳ್ಳ ಪ್ರಾಣಿಗಳಲ್ಲಿ ಐದನ್ನು ಮಾತ್ರ ಬ್ರಾಹ್ಮಣ ಕ್ಷತ್ರಿಯರು ತಿನ್ನಬಹುದೆಂದು ಅವನು ಎಣಿಸಿ ಹೇಳುತ್ತಾನೆ. ಮುಳ್ಳುಮೈಯ ಎರಡು ಪ್ರಾಣಿಗಳು, ಉಡ, ಮೊಲ ಮತ್ತು ಆಮೆ, ಇವೇ ಆ ಐದು. ಕಪಿ ಆ ಪಟ್ಟಿಯಲ್ಲಿಲ್ಲ.

ಇಂದು ಉಡದ ಹೆಸರೆತ್ತಿದರೆ ಮೂಗು ಮುರಿಯುವವರಿಗೆ ಈ ಪಟ್ಟಿ ಸೋಜಿಗವಾಗಿ ತೋರಬಹುದು. ಬೇಟೆಯ ಮಾಂಸ ಕಾಡಿನವರ ಪಾಡು ಮಾತ್ರವಾಗಿರಲಿಲ್ಲ. ಶಿಷ್ಟರ ಶಾಸ್ತ್ರದಲ್ಲಿಯೂ ಅದಕ್ಕೆ ಸ್ಥಾನವಿತ್ತು.

ಇಡ್ಲಿಯ ನೆರೆಯಲ್ಲಿ ಇಲಿ

ಶಾಸ್ತ್ರದಿಂದ ಅರಮನೆಗೆ ಬಂದರೂ ಇದೇ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಅನ್ನಭೋಗದ ಭಾಗದಲ್ಲಿ ಇಂದಿನ ಇಡ್ಲಿಯ ಪೂರ್ವಜವಾದ ‘ಇಡ್ಡರಿಕಾ’, ದೋಸೆಯ ಪೂರ್ವಜವಾದ ‘ಧೋಸಕ’ಗಳು ಬರುತ್ತವೆಂದು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಅದೇ ಭಾಗದಲ್ಲಿ ಆಮೆಯನ್ನು ಬೇಯಿಸುವ ಬಗೆಯೂ ಇದೆ. ಹೊಲದಲ್ಲಿಯೂ ಹೊಳೆಯ ದಡದಲ್ಲಿಯೂ ಬೆಳೆದ ಬಲಿಷ್ಠವಾದ ಕಪ್ಪು ಇಲಿಗಳನ್ನು ಹಸನುಗೊಳಿಸುವ ಬಗೆಯೂ ಇದೆ. ಬಾಲವನ್ನು ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ ಕೂದಲನ್ನು ತೆಗೆದು, ಬಿಸಿನೀರಿನಲ್ಲಿ ತೊಳೆದು, ಕಬ್ಬಿಣದ ಸರಳಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು, ಉಪ್ಪು ಜೀರಿಗೆಗಳನ್ನು ಉದುರಿಸಬೇಕೆಂಬುದು ಅರಮನೆಯ ಕ್ರಮ.

ಇಲ್ಲಿ ಹೇಳಿರುವುದು ಊರ ಚರಂಡಿಯ ಇಲಿಯನ್ನಲ್ಲ, ಕಾಳು ತಿಂದು ಕೊಬ್ಬಿದ ಹೊಲದ ಇಲಿಯನ್ನು. ಬೆಳೆಯನ್ನು ಕದ್ದ ಕಳ್ಳನೇ ಬಾಣಲೆಗೆ ಬಂದಾಗ ರೈತನಿಗೆ ಎರಡು ಲಾಭ!

ಜೀವಂತ ಮಾರಾಟ

ಇನ್ನು ವಿಜಯನಗರದ ಪೇಟೆ. ಸುಮಾರು ೧೫೨೦ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಈ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಕೌಜುಗ, ಲಾವುಗೆ, ಮೊಲ, ಕೆರೆಯ ಹಕ್ಕಿಗಳ ಸಮೃದ್ಧಿಯನ್ನೂ ಅವುಗಳ ಅಗ್ಗದ ಬೆಲೆಯನ್ನೂ ಬಣ್ಣಿಸಿದ್ದಾನೆ. ಸುಮಾರು ೧೫೩೫ರಲ್ಲಿ ಬರೆದ ಫೆರ್ನಾವೊ ನೂನಿಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನ ಪ್ರಕಾರ ಇಲ್ಲಿನ ಅರಸರು ಎತ್ತು ಹಸುಗಳ ಮಾಂಸವನ್ನು ಮುಟ್ಟರು. ಮಿಕ್ಕಂತೆ ಕುರಿ, ಹಂದಿ, ಜಿಂಕೆ, ಹಕ್ಕಿಗಳನ್ನಲ್ಲದೆ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯ ಪ್ರಾಣಿಗಳನ್ನೂ ತಿನ್ನುವರು. ಇವೆಲ್ಲ ಪೇಟೆಯಲ್ಲಿ ದೊರೆಯುತ್ತವೆ. ಬೇಟೆಯ ಪ್ರಾಣಿಗಳನ್ನು ಜೀವಸಹಿತವಾಗಿಯೇ ಮಾರತಕ್ಕದ್ದು. ಕೊಳ್ಳುವವನು ತಾನು ಏನನ್ನು ಕೊಳ್ಳುತ್ತಿರುವೆನೆಂದು ಕಣ್ಣಾರೆ ನೋಡಲಿ ಎಂಬುದು ಅದರ ಉದ್ದೇಶ.

ಪರದೇಶದವನ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಆದರೆ ಇಲಿಗೆ ಸೋಮೇಶ್ವರನ ಸಾಕ್ಷಿಯಿದೆ. ‘ಹಲ್ಲಿ’ ಎಂದದ್ದು ಉಡವೇ ಆಗಿದ್ದರೆ ಅದಕ್ಕೆ ವಾಲಿಯ ಸಾಕ್ಷಿಯೇ ಇದೆ. ಹಾಗೆಂದು ಆ ಕಾಲದವರೆಲ್ಲ ಮಾಂಸಾಹಾರಿಗಳೆಂದು ಭಾವಿಸಬೇಕಾಗಿಲ್ಲ. ೧೫೦೮ರಲ್ಲಿ ಜೈನ ಕವಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಮಾಂಸದ ಸುಳಿವೇ ಇಲ್ಲ. ಒಂದೇ ಕಾಲದ ಕನ್ನಡ ನಾಡಿನಲ್ಲಿ ಎರಡು ಅಡಿಗೆಮನೆಗಳೂ ಹೊಗೆಯಾಡುತ್ತಿದ್ದುವು.

ಕಾನೂನು ಬಂದ ಮೇಲೆ

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಹಳೆಯ ಪಟ್ಟಿಗಳನ್ನು ಮಡಿಸಿಟ್ಟಿತು. ಉಡ, ಆಮೆ, ಮುಳ್ಳುಹಂದಿ, ಮೊಲ, ಕೌಜುಗಗಳಿಗೆ ಇಂದು ಕಾನೂನಿನ ರಕ್ಷಣೆಯಿದೆ. ಅವನ್ನು ಕೊಂದವನಿಗೆ ದಂಡವಷ್ಟೇ ಅಲ್ಲ, ಸೆರೆಮನೆಯೂ ಕಾದಿರುತ್ತದೆ. ಅರಸರ ಬೇಟೆ ಅದಕ್ಕೆ ಮೊದಲೇ ಕೊನೆಗಂಡಿತ್ತು. ಕಾಯಿದೆಯ ಭಾರ ಹೆಚ್ಚಾಗಿ ಬಿದ್ದದ್ದು ಬಲೆಯನ್ನೇ ಬದುಕಾಗಿಸಿಕೊಂಡಿದ್ದ ಬಡವರ ಮೇಲೆ. ಹಕ್ಕಿ ಹಿಡಿಯುವುದನ್ನೇ ಕುಲಕಸಬಾಗಿ ಉಳ್ಳ ಹಕ್ಕಿಪಿಕ್ಕಿ ಜನರು ಮೂಲಿಕೆಯ ಎಣ್ಣೆಗಳನ್ನು ಹೊತ್ತು ಆಫ್ರಿಕದವರೆಗೂ ಹೋದರು. ೧೦೨೩ರಲ್ಲ, ಈಚೆಗೆ, ೨೦೨೩ರಲ್ಲಿ ಸೂಡಾನಿನಲ್ಲಿ ಕಾಳಗ ಹತ್ತಿದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಲುಕಿಕೊಂಡ ಸುದ್ದಿ ಬಂದಾಗಲೇ ಈ ಅಲೆದಾಟ ಎಷ್ಟೋ ಜನರಿಗೆ ತಿಳಿದದ್ದು. ಪ್ರಾಣಿಯನ್ನು ಉಳಿಸುವುದು ಸರಿಯಾದ ಕೆಲಸವೇ. ಆದರೆ ಬಲೆಯನ್ನು ಕಿತ್ತುಕೊಂಡ ಕೈಯಲ್ಲಿ ಮತ್ತೇನನ್ನಿಡಬೇಕೆಂಬ ಪ್ರಶ್ನೆಗೂ ಉತ್ತರ ಬೇಕಾಗುತ್ತದೆ.

ಪಟ್ಟಿಯಲ್ಲಿಲ್ಲದ ಪ್ರಾಣಿ

ವಾಲಿಯ ಐದರಲ್ಲಿ ಕಪ್ಪೆಯಿಲ್ಲ, ನೂನಿಜನು ಹೆಸರಿಸಿದ ಪ್ರಾಣಿಗಳಲ್ಲಿಯೂ ಇಲ್ಲ. ಕರ್ನಾಟಕದಲ್ಲಿ ಕಪ್ಪೆಗೆ ದೊರೆತದ್ದು ಬೇರೆಯೇ ಬಗೆಯ ಮನ್ನಣೆ. ಮಳೆ ತಡವಾದರೆ ಕಪ್ಪೆಗಳಿಗೆ ಮದುವೆ ಮಾಡಿಸುವ ಊರುಗಳಿವೆ. ಶೃಂಗೇರಿಯಲ್ಲಿ, ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ನಾಗರಹಾವು ಹೆಡೆಯ ನೆರಳು ಹಿಡಿದುದನ್ನು ಶಂಕರಾಚಾರ್ಯರು ಕಂಡರೆಂಬ ಐತಿಹ್ಯವನ್ನು ‘ಕಪ್ಪೆ ಶಂಕರ’ದ ಗುಡಿ ಇಂದಿಗೂ ನೆನಪಿಗೆ ತರುತ್ತದೆ.

ಭಾರತದ ಕಪ್ಪೆಗೆ ಕಂಟಕ ಬಂದದ್ದು ದೂರದ ಊಟದ ಮೇಜುಗಳಿಂದ. ೧೯೫೦ರ ದಶಕದಿಂದೀಚೆಗೆ ಕೊಚ್ಚಿಯೇ ಮೊದಲಾದ ಬಂದರುಗಳಿಂದ ಕಪ್ಪೆಯ ಕಾಲುಗಳು ಮಂಜುಗಟ್ಟಿದ ಸರಕಾಗಿ ಅಮೆರಿಕಕ್ಕೂ ಯೂರೋಪಿಗೂ ಹೊರಟವು. ಮಳೆಗಾಲದ ರಾತ್ರಿ ಗ್ಯಾಸ್ ದೀಪ ಹಿಡಿದು ಗದ್ದೆಗಿಳಿದರೆ ಸಾಕು. ಬೆಳಕಿಗೆ ಕಣ್ಣು ಕೋರೈಸಿದ ಕಪ್ಪೆ ಕದಲದೆ ಕೂತು ಕೈಗೆ ಸಿಕ್ಕುತ್ತಿತ್ತು. ಹಿಂಗಾಲುಗಳನ್ನು ಕತ್ತರಿಸಿಕೊಂಡು ಉಳಿದ ದೇಹವನ್ನು ಎಸೆಯುತ್ತಿದ್ದರು. ಎಷ್ಟೋ ವೇಳೆ ಅದರಲ್ಲಿ ಇನ್ನೂ ಜೀವವಿರುತ್ತಿತ್ತು. ವರ್ಷಕ್ಕೆ ಸಾವಿರಾರು ಟನ್ ಕಾಲುಗಳು ಹೀಗೆ ಹಡಗು ಹತ್ತಿದವು. ಗದ್ದೆಗಳಲ್ಲಿ ಕಪ್ಪೆ ಕಡಿಮೆಯಾದರೆ ಕೀಟಗಳು ಹೆಚ್ಚುವುವು, ಕೀಟನಾಶಕಕ್ಕೆ ಸುರಿಯುವ ಹಣ ಕಪ್ಪೆಯಿಂದ ಬಂದ ಲಾಭವನ್ನು ನುಂಗುವುದು ಎಂಬ ಕೂಗೆದ್ದಿತು. ೧೯೮೭ರಲ್ಲಿ ಭಾರತ ಸರ್ಕಾರ ರಫ್ತನ್ನು ನಿಷೇಧಿಸಿತು. ನೆರೆಯ ಗೋವೆಯಲ್ಲಿ ‘ನೆಗೆಯುವ ಕೋಳಿ’ಯೆಂಬ ಹೆಸರಿನಲ್ಲಿ ಮಳೆಗಾಲದ ಕದ್ದ ಊಟ ಮಾತ್ರ ಪೂರ್ತಿಯಾಗಿ ನಿಂತಿಲ್ಲ.

ಗದ್ದೆಯ ಕಾವಲುಗಾರ

ಈ ಲೆಕ್ಕ ಗಂಗಾವತಿಗೆ ಚೆನ್ನಾಗಿ ಒಪ್ಪುತ್ತದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ಮೇಲೆ, ೧೯೫೩ರಲ್ಲಿ ಹರಿಯತೊಡಗಿದ ತುಂಗಭದ್ರಾ ಅಣೆಕಟ್ಟಿನ ನೀರೂ ಸೇರಿ, ಈ ಸೀಮೆಯನ್ನು ಬತ್ತದ ಕಣಜವಾಗಿಸಿತು. ನಿಂತ ನೀರಿನ ಗದ್ದೆ ಕಪ್ಪೆಗೆ ತವರುಮನೆ. ಹಗಲು ಬದುವಿನ ಬಿಲದಲ್ಲಿ ಅಡಗಿದ್ದು, ರಾತ್ರಿ ಹುಳುಗಳನ್ನೂ ಏಡಿಗಳನ್ನೂ ಅದು ಬೇಟೆಯಾಡುತ್ತದೆ. ದೊಡ್ಡ ಕಪ್ಪೆ ಸುಂಡಿಲಿಯನ್ನು ಕೂಡ ಬಿಡದು. ಕೂಲಿ ಕೇಳದ ಈ ಕಾವಲುಗಾರನನ್ನು ಹಾವು, ಕೊಕ್ಕರೆ, ನೀರುನಾಯಿಗಳು ಆಹಾರಕ್ಕೆ ನೆಚ್ಚಿಕೊಂಡಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ೩೪ ಕಿಲೋಮೀಟರಿನಷ್ಟು ಹೊಳೆಯನ್ನು ೨೦೧೫ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಡಲಾಯಿತು. ಅವುಗಳ ಹೊಟ್ಟೆ ತುಂಬಬೇಕಾದರೆ ಮೀನಿನ ಜೊತೆಗೆ ಕಪ್ಪೆಯೂ ಉಳಿಯಬೇಕು.

ವಿರೂಪಾಪುರಗಡ್ಡೆಯಲ್ಲಿ ಪ್ರವಾಸಿಗಳಿಗಾಗಿ ಎದ್ದಿದ್ದ ಅನಧಿಕೃತ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೨೦೨೦ರಲ್ಲಿ ತೆರವುಗೊಳಿಸಿದರು. ಗದ್ದೆಗಳು ಉಳಿದವು; ಮಳೆಗಾಲದ ಮೇಳವೂ ಉಳಿಯಿತು.

ಮಾಂಸವೇ ಬೇಡವಾಗಿದ್ದರೆ ಕೊಂದದ್ದೇತಕ್ಕೆ ಎಂದು ವಾಲಿ ಕೇಳಿದನು. ಕಪ್ಪೆಗೆ ಮಾತು ಬಂದಿದ್ದರೆ ಅದರ ಪ್ರಶ್ನೆ ಬೇರೆಯಾಗುತ್ತಿತ್ತು: “ನನ್ನ ಎರಡು ಕಾಲು ನಿಮಗೆ ಒಂದು ತುತ್ತು, ನಾನು ಬದುಕಿದ್ದರೆ ನಿಮಗೆ ಒಂದು ತಟ್ಟೆ ಅನ್ನ. ಯಾವುದು ಬೇಕು?” ಗಂಗಾವತಿಯ ಅಕ್ಕಿಯನ್ನು ಉಣ್ಣುವವರಿಗೆ ಉತ್ತರ ಕಷ್ಟವಾಗಲಾರದು.