ಹಳೆಯ ಕಾರಿಗೆ ‘ಪಾಸಿಂಗ್’ ಆಗಿದೆಯೆಂದರೆ ಸಾಕೆ?

ಪುಣೆಯಲ್ಲಿ ನೆಲಸಿರುವ ಕನ್ನಡಿಗರಲ್ಲಿ ಸ್ವಾರಗೇಟವನ್ನು ಅರಿಯದವರು ವಿರಳ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳ ಮಾರ್ಗವಾಗಿ ನಮ್ಮ ನಾಡಿಗೆ ಸಾಗುವ ದಾರಿಗೆ ನಗರದ ಬಾಗಿಲು ಅದೇ ಅಲ್ಲವೇ! ಎಸ್.ಟಿ. ಬಸ್ಸಿಗಾಗಿ ಅಲ್ಲಿ ಕಾದು ನಿಂತು ಊರಿಗೆ ಹೋಗಿಬರುತ್ತಿದ್ದ ಹೋಟೆಲ್ ನೌಕರರಿಗೂ ಗುಮಾಸ್ತರಿಗೂ ಸ್ವಂತದ್ದೊಂದು ಸಣ್ಣ ಕಾರು ಇಂದು ಕೈಗೆಟುಕದ ವಸ್ತುವಾಗಿ ಉಳಿದಿಲ್ಲ. ಹೊಸದನ್ನು ಕೊಳ್ಳಲಾಗದಿದ್ದರೂ ಹಲವು ವರ್ಷ ಓಡಿದ ಮಾರುತಿ ೮೦೦ರಂತಹ ಗಾಡಿಯು ಮಿತವ್ಯಯದಿಂದ ಕೂಡಿಟ್ಟ ಹಣಕ್ಕೆ ದೊರೆಯುವುದುಂಟು. ಇಂತಹ ವ್ಯವಹಾರದಲ್ಲಿ ಮಾರುವವನ ಬಾಯಿಂದ ಬರುವ ಮೊದಲ ಮಾತು, “ಪಾಸಿಂಗ್ ಆಗಿದೆ, ಚಿಂತೆ ಬೇಡ” ಎಂಬುದು. ಊರಿನ ಕಡೆ ಇದನ್ನೇ ‘ಎಫ್.ಸಿ. ಆಗಿದೆ’ ಎನ್ನುತ್ತಾರೆ. ಈ ಮಾತಿನ ಬೆಲೆಯೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯ.

ಕಾನೂನು ಹೇಳುವುದೇನು?

೧೯೮೮ರ ಮೋಟಾರು ವಾಹನ ಕಾಯದೆಯ ಪ್ರಕಾರ ಸ್ವಂತ ಉಪಯೋಗದ ಕಾರಿನ ನೋಂದಣಿಯು ೧೫ ವರ್ಷಗಳವರೆಗೆ ಊರ್ಜಿತ. ಆ ಅವಧಿ ತೀರಿದ ಮೇಲೆ ಗಾಡಿಯನ್ನು ಆರ್.ಟಿ.ಓ. ಅಧಿಕಾರಿಗಳ ಪರೀಕ್ಷೆಗೆ ಒಪ್ಪಿಸಿ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಹೀಗೆ ನವೀಕರಿಸಿದ ನೋಂದಣಿ ೫ ವರ್ಷ ನಡೆಯುತ್ತದೆ. ಬಾಡಿಗೆಗೆ ಓಡುವ ವಾಹನಗಳ ನಿಯಮ ಇದಕ್ಕಿಂತ ಬಿಗಿಯಾದುದು. ಅವುಗಳಿಗೆ ೮ ವರ್ಷ ತುಂಬುವವರೆಗೆ ೨ ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಅರ್ಹತಾಪತ್ರವನ್ನು ಪಡೆಯಲೇಬೇಕು.

ಇದರ ಅರ್ಥವನ್ನು ವಾಚಕರು ಗಮನಿಸಬೇಕು. ಹತ್ತು ವರ್ಷದ ಟ್ಯಾಕ್ಸಿಯನ್ನು ಪ್ರತಿವರ್ಷ ಪರೀಕ್ಷಿಸಲಾಗುವುದು. ಹದಿನೆಂಟು ವರ್ಷದ ಮನೆಯ ಕಾರು ಮೂರು ವರ್ಷಗಳ ಹಿಂದೆ ಒಮ್ಮೆ ಪರೀಕ್ಷೆಗೆ ನಿಂತುದೇ ಕೊನೆಯಾಗಿರಬಹುದು. ಮಾರುವವನು ತೋರಿಸುವ ಪತ್ರ ಸುಳ್ಳಲ್ಲ. ಆದರೆ ಅದು ಮೂರು ವರ್ಷ ಹಳೆಯ ಸತ್ಯ!

ಇನ್ನು ಪಿ.ಯು.ಸಿ. ಪತ್ರ. ಬಿ.ಎಸ್. ೪ಕ್ಕಿಂತ ಹಿಂದಿನ ಕಾರುಗಳಿಗೆ ಇದನ್ನು ೬ ತಿಂಗಳಿಗೊಮ್ಮೆ ಮಾಡಿಸಬೇಕು. ಪೆಟ್ರೋಲ್ ಗಾಡಿಯ ಹೊಗೆಯಲ್ಲಿರುವ ವಿಷಾನಿಲಗಳನ್ನು ಮಾತ್ರ ಅದು ಅಳೆಯುತ್ತದೆ. ಬ್ರೇಕು, ಟೈರು, ಸ್ಟೇರಿಂಗುಗಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಪರೀಕ್ಷೆಯ ಪರೀಕ್ಷೆ

ಪರೀಕ್ಷೆಯಾದರೂ ಯಥಾವಿಧಿ ನಡೆಯುತ್ತದೆಯೆ? ಈ ಪ್ರಶ್ನೆ ಮುಂಬಯಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ನಿಯಮದಲ್ಲಿರುವ ಪರೀಕ್ಷೆಗಳನ್ನು ನಡೆಸದೆಯೇ ಅರ್ಹತಾಪತ್ರಗಳನ್ನು ಕೊಡಲಾಗುತ್ತಿದೆಯೆಂದು ಪುಣೆಯ ಶ್ರೀಕಾಂತ ಕರ್ವೆಯವರು ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸಲ್ಲಿಸಿದರು. ೨೦೧೬ರಲ್ಲಿ ನ್ಯಾಯಾಲಯವು ಬ್ರೇಕುಗಳ ಪರೀಕ್ಷೆಗಾಗಿ ೨೫೦ ಮೀಟರ್ ಉದ್ದದ ಪಥಗಳು ಇರಲೇಬೇಕೆಂದು ಆಜ್ಞಾಪಿಸಿತು. ಪುಣೆಯ ಬಾಡಿಗೆ ವಾಹನಗಳು ಸಾಸವಡ ಮಾರ್ಗದಲ್ಲಿರುವ ದಿವೆಯ ಪರೀಕ್ಷಾಪಥಕ್ಕೆ ಹೋಗಬೇಕಾಗಿ ಬಂದುದು ಇದೇ ಪ್ರಕರಣದ ದಿನಗಳಲ್ಲಿ. ಮನುಷ್ಯನ ಕಣ್ಣಂದಾಜನ್ನೇ ನೆಚ್ಚದೆ ಯಂತ್ರಗಳಿಂದಲೇ ಪರೀಕ್ಷಿಸುವ ಕೇಂದ್ರಗಳೂ ದೇಶದಲ್ಲಿ ಈಗ ಬೆಳೆಯುತ್ತಿವೆ. ಅಲ್ಲಿ ಗಾಡಿಯ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಪ್ರತಿಯೊಂದು ಚಕ್ರದ ಬ್ರೇಕಿನ ಬಲವನ್ನೂ, ಎಡಬಲಗಳ ವ್ಯತ್ಯಾಸವನ್ನೂ ಅಳೆಯುತ್ತಾರೆ. ಇದು ಸ್ವಾಗತಾರ್ಹ ಸುಧಾರಣೆಯೇ ಸರಿ.

ಇಲ್ಲಿ ಇನ್ನೊಂದು ತಪ್ಪುಕಲ್ಪನೆಯನ್ನೂ ನಿವಾರಿಸಬೇಕು. ಪುಣೆಯಲ್ಲಿ ೧೯೬೬ರಿಂದ ಇರುವ ಎ.ಆರ್.ಎ.ಐ. ಸಂಸ್ಥೆಯು ಪ್ರಖ್ಯಾತವಾದುದು. ಆದರೆ ಅದು ಹೊಸದಾಗಿ ತಯಾರಾಗುವ ವಾಹನಗಳ ಮಾದರಿಯನ್ನು ಪರೀಕ್ಷಿಸಿ ಪ್ರಮಾಣೀಕರಿಸುತ್ತದೆ. ಆ ಮಾದರಿ ಅಂದು ಉತ್ತಮವಾಗಿತ್ತೆಂದ ಮಾತ್ರಕ್ಕೆ ಇಂದು ನಿಮ್ಮ ಮುಂದೆ ನಿಂತಿರುವ ಮುದಿ ಗಾಡಿಯೂ ಉತ್ತಮವೆಂದಾಗಲಿಲ್ಲ.

ಪತ್ರಕ್ಕೆ ಕಾಣದ ದೋಷಗಳು

ಪರೀಕ್ಷೆ ಎಷ್ಟೇ ಪ್ರಾಮಾಣಿಕವಾಗಿರಲಿ, ಸಮನೆಲದ ಮೇಲೆ, ತಣ್ಣಗಿರುವ ಬ್ರೇಕುಗಳಿಂದ, ಖಾಲಿ ಗಾಡಿಯನ್ನು ನಿಲ್ಲಿಸಿ ನೋಡಿದುದು ಒಂದು ಬಗೆ. ಹೆಂಡತಿ ಮಕ್ಕಳನ್ನೂ ಗಂಟುಮೂಟೆಗಳನ್ನೂ ಹೇರಿಕೊಂಡು ಘಟ್ಟವನ್ನಿಳಿಯುವುದು ಇನ್ನೊಂದು ಬಗೆ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಆ ಶಕ್ತಿಯೆಲ್ಲವೂ ಉಷ್ಣವಾಗಿ ಮಾರ್ಪಡುತ್ತದೆ.

ಬ್ರೇಕಿನ ಎಣ್ಣೆಯ ಗುಣವನ್ನು ಇಲ್ಲಿ ತಿಳಿದಿರಬೇಕು. ಅದು ಗಾಳಿಯಲ್ಲಿರುವ ತೇವವನ್ನು ವರ್ಷದಿಂದ ವರ್ಷಕ್ಕೆ ಹೀರಿಕೊಳ್ಳುತ್ತದೆ. ಡಾಟ್ ೩ ಎಂಬ ದರ್ಜೆಯ ಹೊಸ ಎಣ್ಣೆಯು ೨೦೫ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಕುದಿಯಬಾರದೆಂಬುದು ನಿಯಮ. ನೀರು ಕುಡಿದ ಅದೇ ಎಣ್ಣೆಗೆ ಈ ಮಿತಿ ೧೪೦ ಡಿಗ್ರಿಗೆ ಇಳಿಯುತ್ತದೆ. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಆಗ ಪೆಡಲು ಮೆತ್ತಗೆ ಒಳಗಿಳಿಯುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಖಂಬಾಟಕಿ ಘಟ್ಟದಲ್ಲಾಗಲಿ, ಕರಾವಳಿಯ ಬಂಧುಗಳು ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಾಗಲಿ ಹೀಗಾದರೆ ಗತಿಯೇನು? ಸಾತಾರಾ ಕಡೆಯಿಂದ ಮರಳುವಾಗ ಹೊಸ ಕಾತ್ರಜ ಸುರಂಗವನ್ನು ದಾಟಿ ನವಲೆ ಸೇತುವೆಗೆ ಇಳಿಯುವ ರಸ್ತೆಯೂ ಅಂತಹುದೇ. ೨೦೨೨ರ ನವೆಂಬರ್ ೨೦ರ ರಾತ್ರಿ ಆ ಇಳಿಜಾರಿನಲ್ಲಿ ಭಾರದ ವಾಹನವೊಂದು ಹತ್ತಾರು ವಾಹನಗಳಿಗೆ ಅಪ್ಪಳಿಸಿದ ಅನಾಹುತ ಅನೇಕರ ನೆನಪಿನಲ್ಲಿದ್ದೀತು.

ತುಕ್ಕು ಹಾಗೂ ಟೈರು ಕೂಡ ಹೀಗೆಯೇ ಮೋಸಗೊಳಿಸುತ್ತವೆ. ಹೊಸ ಬಣ್ಣದ ಕೆಳಗೆ ತಳದ ತಗಡು ತಿಂದುಹೋಗಿರಬಹುದು. ಮೇಲ್ಮೈ ಗೆರೆಗಳು ಸವೆಯದಿದ್ದರೂ ರಬ್ಬರು ವಯಸ್ಸಿನಿಂದ ಗಡುಸಾಗಿ ಬಿರಿದಿರಬಹುದು.

ಹೊರದೇಶಗಳ ರೀತಿ

ಬ್ರಿಟನ್ನಿನಲ್ಲಿ ಹಳೆಯ ಕಾರುಗಳ ಕಡ್ಡಾಯ ಪರೀಕ್ಷೆ ೧೯೬೦ರಲ್ಲಿ ಆರಂಭವಾಯಿತು. ಮೊದಲು ಹತ್ತು ವರ್ಷ ಮೀರಿದವುಗಳಿಗೆ ಮಾತ್ರ ಇದ್ದ ನಿಯಮ ೧೯೬೧ರಲ್ಲಿ ಏಳು ವರ್ಷಕ್ಕೂ, ೧೯೬೭ರಲ್ಲಿ ಮೂರು ವರ್ಷಕ್ಕೂ ಇಳಿಯಿತು. ಪರೀಕ್ಷೆ ಪ್ರತಿವರ್ಷವೂ ಉಂಟು. ಹಾಗಿದ್ದೂ ಈ ಪತ್ರವಿದ್ದ ಮಾತ್ರಕ್ಕೆ ವರ್ಷವಿಡೀ ಗಾಡಿ ಸುಸ್ಥಿತಿಯಲ್ಲಿರುವುದೆಂದು ಭಾವಿಸಬಾರದೆಂದು ಅಲ್ಲಿನ ಸರಕಾರವೇ ಜನರಿಗೆ ತಿಳಿಸುತ್ತದೆ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರೀಕ್ಷೆಯಿದ್ದು, ಯಾವ ಮಾದರಿಯ ಕಾರಿನಲ್ಲಿ ಯಾವ ವಯಸ್ಸಿಗೆ ಎಷ್ಟು ದೋಷಗಳು ಕಂಡುಬಂದವೆಂಬ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುವ ಪದ್ಧತಿಯಿದೆ. ಪ್ರತಿವರ್ಷ ಪರೀಕ್ಷಿಸುವವರೇ ಪತ್ರವನ್ನು ಪೂರ್ತಿಯಾಗಿ ನೆಚ್ಚದಿರುವಾಗ, ಐದು ವರ್ಷಕ್ಕೊಮ್ಮೆ ಪರೀಕ್ಷಿಸುವ ನಾವು ಎಷ್ಟರಮಟ್ಟಿಗೆ ನೆಚ್ಚಬಹುದು?

ವಯಸ್ಸೇ ದೋಷವಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಕಾರೆಲ್ಲವೂ ಅಪಾಯಕಾರಿಯೆಂದು ತಿಳಿಯಬಾರದು. ಮುಂಬಯಿಯ ಬೀದಿಗಳಲ್ಲಿ ದಶಕಗಳ ಕಾಲ ದುಡಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಕಥೆಯನ್ನೇ ನೋಡಿ. ಅವುಗಳಲ್ಲಿ ಕೊನೆಯದು ೨೦೦೩ರ ಅಕ್ಟೋಬರ್ ೨೯ರಂದು ನೋಂದಣಿಯಾಗಿ, ೨೦ ವರ್ಷದ ಮಿತಿ ಮುಗಿದುದರಿಂದ ೨೦೨೩ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು. ಮಿತಿ ಮುಗಿದ ರಾತ್ರಿ ಆ ಗಾಡಿಯಲ್ಲಿ ಯಾವ ಭಾಗವೂ ಒಮ್ಮೆಗೇ ಕೆಡಲಿಲ್ಲ. ಮುಗಿದುದು ಕಾಲಾವಧಿ ಮಾತ್ರ. ಪ್ರತಿವರ್ಷ ಪರೀಕ್ಷೆಗೆ ನಿಂತು, ಕೆಟ್ಟುದನ್ನು ಸರಿಪಡಿಸಿಕೊಂಡ ಗಾಡಿ ಇಪ್ಪತ್ತು ವರ್ಷ ಬಾಳುತ್ತದೆ. ಅಲಕ್ಷಿಸಿದ ಗಾಡಿ ಹತ್ತು ವರ್ಷಕ್ಕೇ ಮುಪ್ಪಾಗುತ್ತದೆ.

೧೯೮೩ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ ೮೦೦ರ ತಯಾರಿಕೆ ೨೦೧೪ರ ಜನವರಿಯಲ್ಲಿ ನಿಂತಿತು. ಆದುದರಿಂದ ಅದರಲ್ಲಿ ಅತ್ಯಂತ ಕಿರಿಯದಕ್ಕೂ ಹತ್ತು ವರ್ಷ ದಾಟಿದೆ. ಹಾಗೆಂದು ಅದನ್ನು ತಳ್ಳಿಹಾಕಬೇಕಾಗಿಲ್ಲ. ನೋಡಿ ಕೊಳ್ಳಬೇಕು, ಅಷ್ಟೇ.

ಕೊಳ್ಳುವವರಿಗೆ ನಾಲ್ಕು ಮಾತು

ಒಂದನೆಯದಾಗಿ, ಆರ್.ಸಿ. ಪುಸ್ತಕದಲ್ಲಿ ನೋಂದಣಿಯ ಅವಧಿ ಎಂದು ಮುಗಿಯುವುದೆಂಬುದನ್ನು ಓದಿ. ನವೀಕರಣ ಹತ್ತಿರವಿದ್ದರೆ ಆ ಖರ್ಚನ್ನೂ ಬೆಲೆಗೆ ಕೂಡಿಸಿಕೊಳ್ಳಿ. ೧೫ ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವು ೨೦೨೨ರ ಏಪ್ರಿಲ್ ೧ರಿಂದ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿತು. ೨೦ ವರ್ಷ ಮೀರಿದವುಗಳಿಗೆ ೨೦೨೫ರಲ್ಲಿ ೧೦,೦೦೦ ರೂಪಾಯಿ ಆಯಿತು. ಮಹಾರಾಷ್ಟ್ರದ ಪರಿಸರ ತೆರಿಗೆ ಇದರ ಮೇಲೆ ಬೇರೆ.

ಎರಡನೆಯದಾಗಿ, ಟೈರಿನ ಪಕ್ಕೆಯಲ್ಲಿ ಒತ್ತಿರುವ ನಾಲ್ಕು ಅಂಕೆಗಳನ್ನು ನೋಡಿ. ‘೨೩೧೪’ ಎಂದಿದ್ದರೆ ಅದು ೨೦೧೪ರ ೨೩ನೆಯ ವಾರದಲ್ಲಿ ತಯಾರಾದುದು.

ಮೂರನೆಯದಾಗಿ, ಮಾರುವವನಿಗೆ ಸಂಬಂಧಪಡದ ನಂಬಿಕೆಯ ಮೇಸ್ತ್ರಿಯೊಬ್ಬನಿಂದ ಗಾಡಿಯನ್ನು ಎತ್ತಿಸಿ ತಳವನ್ನು ನೋಡಿಸಿ. ಒಳಗಿನ ಮ್ಯಾಟನ್ನು ತೆಗೆಸಿ ತಗಡನ್ನು ಒತ್ತಿಸಿ ನೋಡಿ. ಅವನಿಗೆ ಕೊಡುವ ಕೂಲಿ ಮುಂದೆ ಬರಬಹುದಾದ ನಷ್ಟದ ಮುಂದೆ ಏನೂ ಅಲ್ಲ.

ನಾಲ್ಕನೆಯದಾಗಿ, ಕೊಂಡ ಕೂಡಲೇ ಬ್ರೇಕಿನ ಎಣ್ಣೆಯನ್ನು ಪೂರ್ತಿಯಾಗಿ ಬದಲಿಸಿ, ಮುಂದೆಯೂ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿರಿ. ಘಟ್ಟವನ್ನು ಇಳಿಯುವಾಗ ಇಂಜಿನನ್ನು ನಿಲ್ಲಿಸಿ ಪೆಟ್ರೋಲ್ ಉಳಿಸುವ ದುರಾಸೆ ಬೇಡ. ಕೆಳಗಿನ ಗೇರಿನಲ್ಲಿಯೇ ಇಳಿಯಿರಿ.

ಗಾಡಿಯನ್ನು ಊರಲ್ಲಿಯೇ ಇಟ್ಟುಕೊಳ್ಳುವ ವಿಚಾರವಿದ್ದರೆ ೧೨ ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿರುವ ವಾಹನಕ್ಕೆ ಅಲ್ಲಿಯ ನೋಂದಣಿ ಬೇಕೆಂಬುದನ್ನೂ ಮರೆಯಬಾರದು.

ಪಾಸಿಂಗ್ ಪತ್ರವು ರಸ್ತೆಯ ಮೇಲೆ ಗಾಡಿಯನ್ನಿಳಿಸಲು ಕಾನೂನು ಕೊಡುವ ಅನುಮತಿ. ಅದು ಇರಲೇಬೇಕು. ಆದರೆ ಮಕ್ಕಳನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡು ಸ್ವಾರಗೇಟದಿಂದ ಸಾತಾರಾ ರಸ್ತೆಗೆ ತಿರುಗುವ ಮುನ್ನ ಆ ವಾರದ ಸ್ಥಿತಿಯನ್ನು ನೋಡಿಕೊಳ್ಳುವ ಹೊಣೆ ಗಾಡಿಯ ಯಜಮಾನನದೇ.